ಪ್ರಾಗ್‌ನಲ್ಲಿ ಕ್ಯಾಮೆರಾ ಹಿಡಿದು ಎಲ್ಲಿ, ಯಾವ ಹೊತ್ತಿಗೆ ನಿಲ್ಲಬೇಕು: ಸೇತುವೆ, ಗೋಪುರ ಮತ್ತು ಗುಡ್ಡಗಳ ಹೋಲಿಕೆ

ಪ್ರಾಗ್‌ಗೆ ಹೋಗುವ ನಮ್ಮವರಲ್ಲಿ ಹೆಚ್ಚಿನವರಿಗೆ ಅಲ್ಲಿ ಸಿಗುವುದು ಎರಡು ಅಥವಾ ಮೂರು ದಿನ. ವಿಯೆನ್ನಾ, ಬುಡಾಪೆಸ್ಟ್‌ಗಳ ಜೊತೆಗೆ ಹೊಂದಿಸಿಕೊಂಡ ಈ ಸಣ್ಣ ಅವಧಿಯಲ್ಲಿ ಚಿತ್ರ ತೆಗೆಯಬೇಕಾದ ಜಾಗಗಳ ಪಟ್ಟಿ ಮಾತ್ರ ಉದ್ದವಾಗಿರುತ್ತದೆ: ಚಾರ್ಲ್ಸ್ ಸೇತುವೆ, ಕೋಟೆ, ಹಳೆಯ ಪೇಟೆಯ ಚೌಕ, ಖಗೋಳ ಗಡಿಯಾರ, ಪೆತ್ರ್ಶೀನ್ ಗುಡ್ಡ, ಲೆತ್ನಾ, ವಿಶೆಹ್ರಾದ್. ಇವುಗಳಲ್ಲಿ ಯಾವುದೂ ಕಳಪೆಯಲ್ಲ. ಆದರೆ ಒಳ್ಳೆಯ ಬೆಳಕು ದಿನಕ್ಕೆ ಎರಡೇ ಸಲ ಬರುತ್ತದೆ, ಮೂರು ದಿನ ಉಳಿದವರ ಕೈಯಲ್ಲಿರುವುದು ಮೂರು ಬೆಳಗು ಮತ್ತು ಮೂರು ಸಂಜೆ ಅಷ್ಟೇ. ಈ ಆರು ಹೊತ್ತುಗಳಲ್ಲಿ ಯಾವುದನ್ನು ಯಾವ ಜಾಗಕ್ಕೆ ಕೊಡಬೇಕು ಎಂಬುದನ್ನು ಊರು ಬಿಡುವ ಮುನ್ನವೇ ಯೋಚಿಸಿಕೊಂಡರೆ ಪ್ರಾಗ್ ಬಹಳ ಉದಾರವಾದ ನಗರ. ಯೋಚಿಸದೆ ಹೋದರೆ ಸಾವಿರ ತಲೆಗಳ ನಡುವೆ ಬಿಳಿಚಿದ ಆಕಾಶವೇ ಚಿತ್ರದಲ್ಲಿ ಉಳಿಯುತ್ತದೆ. ನಾನು ಮೊದಲ ಸಲ ಹೋದಾಗ ಆದದ್ದು ಹಾಗೆಯೇ. ಚಾರ್ಲ್ಸ್ ಸೇತುವೆಯನ್ನು ಸಂಜೆಗೆ ಇಟ್ಟುಕೊಂಡು, ಗುಡ್ಡಗಳನ್ನು ಬೆಳಿಗ್ಗೆ ಹತ್ತಿ, ಎರಡನ್ನೂ ತಪ್ಪು ಹೊತ್ತಿನಲ್ಲಿ ನೋಡಿದೆ. ಎರಡನೆಯ ಸಲ ಅಕ್ಟೋಬರ್‌ನಲ್ಲಿ ಹೋದಾಗ ಅದನ್ನು ತಿರುವುಮುರುವು ಮಾಡಿಕೊಂಡೆ. ಮುಂದೆ ಬರೆದಿರುವುದು ಆ ಅನುಭವದ ಜೊತೆಗೆ ನಕ್ಷೆ ಮತ್ತು ಸೂರ್ಯನ ದಿಕ್ಕುಗಳನ್ನು ಕೂಡಿಸಿ ಮಾಡಿಕೊಂಡ ಲೆಕ್ಕಾಚಾರ.

ಮೊದಲು ದಿಕ್ಕು, ಆಮೇಲೆ ಜಾಗ

ವ್ಲತಾವಾ ನದಿ ನಗರದ ನಡುವೆ ದಕ್ಷಿಣದಿಂದ ಉತ್ತರಕ್ಕೆ ಹರಿಯುತ್ತದೆ. ನದಿಯ ಪೂರ್ವ ದಡದಲ್ಲಿ ಸಮತಟ್ಟಾದ ಹಳೆಯ ಪೇಟೆ, ಪಶ್ಚಿಮ ದಡದಲ್ಲಿ ಮಾಲಾ ಸ್ತ್ರಾನಾ ಎಂಬ ಕೇರಿ, ಅದರ ಮೇಲೆ ಗುಡ್ಡದ ನೆತ್ತಿಯಲ್ಲಿ ಕೋಟೆ ಮತ್ತು ಸಂತ ವೀಟಸ್ ಕೆಥೆಡ್ರಲ್. ಚಾರ್ಲ್ಸ್ ಸೇತುವೆ ಈ ಎರಡು ದಡಗಳನ್ನು ಹೆಚ್ಚುಕಡಿಮೆ ಪೂರ್ವ-ಪಶ್ಚಿಮವಾಗಿ ಕೂಡಿಸುತ್ತದೆ. ಈ ಒಂದು ಚಿತ್ರವನ್ನು ಮನಸ್ಸಿನಲ್ಲಿ ಇಟ್ಟುಕೊಂಡರೆ ಅರ್ಧ ಆಯ್ಕೆ ತಾನಾಗಿಯೇ ಆಗಿಬಿಡುತ್ತದೆ. ಹಳೆಯ ಪೇಟೆಯ ದಡದಲ್ಲಿ ನಿಂತು ಕೋಟೆಯನ್ನು ನೋಡುವವರಿಗೆ ಬೆಳಗಿನ ಬಿಸಿಲು ಬೆನ್ನ ಹಿಂದಿನಿಂದ ಬಂದು ಕೋಟೆಯ ಮೇಲೆ ಬೀಳುತ್ತದೆ. ಬೇಸಿಗೆಯ ಸಂಜೆ ಅದೇ ಜಾಗದಿಂದ ಕೋಟೆ ಕಪ್ಪು ನೆರಳುಚಿತ್ರವಾಗುತ್ತದೆ. ಪಶ್ಚಿಮದ ಗುಡ್ಡಗಳಿಂದ ಹಳೆಯ ಪೇಟೆಯ ಕೆಂಪು ಹೆಂಚುಗಳನ್ನು ನೋಡುವವರಿಗೆ ಇದು ತಲೆಕೆಳಗು: ಬೆಳಿಗ್ಗೆ ಕಣ್ಣಿಗೆ ಬಿಸಿಲು, ಸಂಜೆ ಹೆಂಚುಗಳ ಮೇಲೆ ಹೊಂಬಣ್ಣ.

ನಮ್ಮ ಕಡೆಯ ಬೆಳಕಿಗೆ ಒಗ್ಗಿದ ಕಣ್ಣು ಇಲ್ಲಿ ಮೋಸ ಹೋಗುವ ಇನ್ನೊಂದು ಸಂಗತಿಯಿದೆ. ಬೆಂಗಳೂರಿನಲ್ಲಿ ಸೂರ್ಯ ಹುಟ್ಟುವ ಜಾಗ ವರ್ಷವಿಡೀ ನೇರ ಪೂರ್ವದಿಂದ ಸುಮಾರು 24 ಡಿಗ್ರಿಗಿಂತ ಆಚೀಚೆ ಸರಿಯುವುದಿಲ್ಲ. ಉತ್ತರ ಅಕ್ಷಾಂಶ 50ರಲ್ಲಿರುವ ಪ್ರಾಗ್‌ನಲ್ಲಿ ಅದು ಹತ್ತಿರ ಹತ್ತಿರ 40 ಡಿಗ್ರಿ ಸರಿಯುತ್ತದೆ. ಜೂನ್ ಕೊನೆಯಲ್ಲಿ ಸೂರ್ಯ ಈಶಾನ್ಯದಲ್ಲಿ ಬೆಳಗಿನ 5 ಗಂಟೆಗೂ ಮೊದಲೇ ಹುಟ್ಟಿ, ವಾಯವ್ಯದಲ್ಲಿ ರಾತ್ರಿ 9 ದಾಟಿದ ಮೇಲೆ ಮುಳುಗುತ್ತಾನೆ. ಡಿಸೆಂಬರ್‌ನಲ್ಲಿ ಆಗ್ನೇಯದಲ್ಲಿ 8 ಗಂಟೆಯ ಹೊತ್ತಿಗೆ ಹುಟ್ಟಿ, ನೈಋತ್ಯದಲ್ಲಿ ಸಂಜೆ 4ಕ್ಕೆ ಮುಳುಗಿಬಿಡುತ್ತಾನೆ. ಹಾಗಾಗಿ ಯಾರೋ ಜೂನ್‌ನಲ್ಲಿ ತೆಗೆದ ಚಿತ್ರವನ್ನು ನೋಡಿ ಅದೇ ಜಾಗಕ್ಕೆ ಡಿಸೆಂಬರ್‌ನಲ್ಲಿ ಹೋದರೆ ಅದೇ ಬೆಳಕು ಸಿಗುವುದಿಲ್ಲ. ಹಂಪಿಯ ಮಾತಂಗ ಬೆಟ್ಟದ ಮೇಲೆ ಸೂರ್ಯ ಮುಳುಗಿದ ಮೇಲೆ 20–25 ನಿಮಿಷಗಳಲ್ಲಿ ಕತ್ತಲು ಕವಿಯುವುದನ್ನು ಕಂಡವರಿಗೆ, ಜೂನ್‌ನ ಪ್ರಾಗ್‌ನಲ್ಲಿ 40 ನಿಮಿಷವಾದರೂ ಆಕಾಶ ಬಣ್ಣ ಬದಲಿಸುತ್ತಲೇ ಇರುವುದು ಹಬ್ಬದಂತೆ ಕಾಣುತ್ತದೆ. ಸೂರ್ಯ ಮುಳುಗಿದ ಕೂಡಲೇ ಕ್ಯಾಮೆರಾವನ್ನು ಚೀಲಕ್ಕೆ ಹಾಕುವ ನಮ್ಮ ಅಭ್ಯಾಸವನ್ನು ಅಲ್ಲಿ ಬಿಡಬೇಕು. ನಿಜವಾದ ಚಿತ್ರಗಳು ಆಮೇಲೆಯೇ ಬರುತ್ತವೆ.

ಡಿಸೆಂಬರ್ ಬೇಡವೇ ಬೇಡ ಎನ್ನುವವರಿಗೂ ಒಂದು ಮಾತು. ಆ ತಿಂಗಳು ಅಲ್ಲಿ ನಡುಹಗಲಿನಲ್ಲಿಯೂ ಸೂರ್ಯ ದಿಗಂತದಿಂದ 16–17 ಡಿಗ್ರಿಗಿಂತ ಮೇಲೇರುವುದಿಲ್ಲ. ಮೋಡವಿಲ್ಲದ ದಿನ ಸಿಕ್ಕರೆ ಬೆಳಗಿನಿಂದ ಸಂಜೆಯವರೆಗೂ ಇಳಿಬಿಸಿಲೇ, ನೆರಳುಗಳು ಉದ್ದಕ್ಕೆ ಚಾಚಿಕೊಂಡೇ ಇರುತ್ತವೆ. ಆದರೆ ಅಂಥ ದಿನ ಸಿಗುವುದು ಅದೃಷ್ಟ, ಮೋಡವೇ ಹೆಚ್ಚು.

ಬೆಳಗಿನ ಜಾವಕ್ಕೆ: ಸೇತುವೆಯ ಮೇಲೋ, ದಡದಲ್ಲೋ, ಲೆತ್ನಾ ದಿಬ್ಬದಲ್ಲೋ

ಮೂರರಲ್ಲಿ ಒಂದನ್ನು ಮಾತ್ರ ಆರಿಸಬೇಕಾದರೆ ನನ್ನ ಉತ್ತರ ಚಾರ್ಲ್ಸ್ ಸೇತುವೆ. ಅದಕ್ಕೆ ಕಾರಣ ಸರಳವಾದದ್ದು: ಉಳಿದ ಜಾಗಗಳಿಗೆ ಬೇರೆ ಹೊತ್ತಿನಲ್ಲಿ ಹೋದರೂ ಏನಾದರೂ ಸಿಗುತ್ತದೆ, ಈ ಸೇತುವೆ ಮಾತ್ರ ಬೆಳಗಿನ ಜಾವ ಬಿಟ್ಟರೆ ಉಳಿದ ಹೊತ್ತಿನಲ್ಲಿ ಜನಸಂದಣಿಯ ಕೆಳಗೆ ಮುಚ್ಚಿಹೋಗುತ್ತದೆ. ನಾಲ್ಕನೆಯ ಚಾರ್ಲ್ಸ್ ದೊರೆಯ ಕಾಲದಲ್ಲಿ, 1357ರಲ್ಲಿ ಕಟ್ಟಲು ಆರಂಭಿಸಿದ ಈ ಕಲ್ಲಿನ ಸೇತುವೆ ಅರ್ಧ ಕಿಲೋಮೀಟರಿಗಿಂತ ತುಸು ಉದ್ದವಿದೆ, ಅಗಲ ಸುಮಾರು 10 ಮೀಟರ್. ಎರಡೂ ಬದಿಯ ತಡೆಗೋಡೆಗಳ ಮೇಲೆ 30 ಶಿಲ್ಪಗಳು ನಿಂತಿವೆ. ಹೆಚ್ಚಿನವು 17ನೆಯ ಶತಮಾನದ ಕೊನೆ ಮತ್ತು 18ನೆಯ ಶತಮಾನದ ಆರಂಭದಲ್ಲಿ ನಿಲ್ಲಿಸಿದವು. ಈಗ ಅಲ್ಲಿ ಕಾಣುವವುಗಳಲ್ಲಿ ಹಲವು ಪ್ರತಿಕೃತಿಗಳು, ಮೂಲ ಶಿಲ್ಪಗಳನ್ನು ರಕ್ಷಣೆಗಾಗಿ ಒಳಗೆ ತೆಗೆದಿರಿಸಿದ್ದಾರೆ. ವಾಹನಗಳಿಗೆ ಪ್ರವೇಶವಿಲ್ಲ. ಬೆಳಕು ಹರಿದು ಎರಡು ತಾಸು ಕಳೆದ ಮೇಲೆ ಪ್ರವಾಸಿಗರ ಗುಂಪು, ಚಿತ್ರ ಬರೆಯುವವರು, ವಾದ್ಯ ನುಡಿಸುವವರು ಎಲ್ಲರೂ ಬಂದು ಸೇರುತ್ತಾರೆ. ನೆಲದ ಕಲ್ಲು ಕಾಣುವುದು ಕಷ್ಟವಾಗುತ್ತದೆ.

ಸೂರ್ಯೋದಯಕ್ಕೆ 45 ನಿಮಿಷ ಮೊದಲೇ ತಲುಪುವುದು ಒಳ್ಳೆಯದು. ಸೇತುವೆಯ ಮೇಲಿನ ಅನಿಲದ ದೀಪಗಳು ಆಗ ಇನ್ನೂ ಉರಿಯುತ್ತಿರುತ್ತವೆ. ಆ ಹಳದಿ ಬೆಳಕು ಸವೆದು ನುಣುಪಾದ ಕಲ್ಲುಚಪ್ಪಡಿಗಳ ಮೇಲೆ ಚೂರು ಚೂರಾಗಿ ಬಿದ್ದಿರುತ್ತದೆ, ಮೇಲೆ ಆಕಾಶ ಕಡುನೀಲಿ. ಮಳೆ ಬಂದು ನಿಂತಿದ್ದರಂತೂ ಪ್ರತಿಯೊಂದು ದೀಪಕ್ಕೂ ನೆಲದಲ್ಲೊಂದು ಜೋಡಿ ಸಿಗುತ್ತದೆ. ಮಾಲಾ ಸ್ತ್ರಾನಾದ ಕಡೆಯಿಂದ ಪೂರ್ವಕ್ಕೆ ಮುಖ ಮಾಡಿ ನಿಂತರೆ ಹಳೆಯ ಪೇಟೆಯ ಸೇತುವೆ ಗೋಪುರ ಎದುರಿಗೆ ಚೂಪಾದ ತಲೆ ಎತ್ತಿ ನಿಂತಿರುತ್ತದೆ, ಅದರ ಹಿಂದೆ ಆಕಾಶ ನಿಧಾನವಾಗಿ ಕೆಂಪಾಗುತ್ತದೆ. ಮಾರ್ಚ್ ಮೊದಲ ಭಾಗ ಮತ್ತು ಅಕ್ಟೋಬರ್ ಮೊದಲ ಭಾಗದ ಆಸುಪಾಸಿನಲ್ಲಿ ಸೂರ್ಯ ಹೆಚ್ಚುಕಡಿಮೆ ಸೇತುವೆಯ ನೇರಕ್ಕೇ ಏಳುತ್ತಾನೆ. ಅಕ್ಟೋಬರ್‌ನ ಆ ದಿನಗಳಲ್ಲಿ ಸೂರ್ಯೋದಯ ಬೆಳಿಗ್ಗೆ 7 ದಾಟಿದ ಮೇಲೆ. ಜೂನ್‌ನಂತೆ ನಡುರಾತ್ರಿಯಲ್ಲಿ ಏಳಬೇಕಿಲ್ಲ. ನದಿಯ ಮೇಲೆ ಮಂಜು ಏಳುವ ಸಂಭವವೂ ಶರತ್ಕಾಲದಲ್ಲಿಯೇ ಹೆಚ್ಚು. ಇಷ್ಟೆಲ್ಲ ಒಟ್ಟಿಗೆ ಕೂಡಿಬರುವುದರಿಂದ, ಪ್ರವಾಸದ ತಿಂಗಳನ್ನು ಆರಿಸುವ ಸ್ವಾತಂತ್ರ್ಯ ಇರುವವರಿಗೆ ನಾನು ಅಕ್ಟೋಬರ್ ಎಂದೇ ಹೇಳುತ್ತೇನೆ.

ಎದುರು ಬೆಳಕಿನಲ್ಲಿ ಶಿಲ್ಪಗಳ ಮುಖ ಕಾಣುವುದಿಲ್ಲ, ಕಾಣಬೇಕಾಗಿಯೂ ಇಲ್ಲ; ಬಟ್ಟೆಯ ಮಡಿಕೆ, ಎತ್ತಿದ ಕೈ, ತಲೆಯ ಸುತ್ತಲಿನ ಪ್ರಭಾವಲಯ, ಇಷ್ಟರಿಂದಲೇ ಚಿತ್ರ ನಿಲ್ಲುತ್ತದೆ. ಒಂದೇ ಒಂದು ಕಡೆ ಮಾತ್ರ ಹತ್ತಿರ ಹೋಗಿ ನೋಡಬೇಕು. ನೆಪೊಮುಕ್‌ನ ಸಂತ ಜಾನ್ ಅವರ ಕಂಚಿನ ವಿಗ್ರಹ 1683ರದು, ಸೇತುವೆಯ ಮೇಲಿನ ಸಂತರ ವಿಗ್ರಹಗಳಲ್ಲೇ ಹಳೆಯದು. 1393ರಲ್ಲಿ ಅವರನ್ನು ಈ ಸೇತುವೆಯಿಂದಲೇ ನದಿಗೆ ಎಸೆದರು. ವಿಗ್ರಹದ ಪೀಠದಲ್ಲಿರುವ ಉಬ್ಬುಚಿತ್ರವನ್ನು ಮುಟ್ಟಿದರೆ ಒಳ್ಳೆಯದಾಗುತ್ತದೆ ಎಂಬ ನಂಬಿಕೆಯಿಂದ ಜನ ಮುಟ್ಟಿ ಮುಟ್ಟಿ, ಸುತ್ತಲಿನ ಕಂಚು ಕಪ್ಪಾಗಿದ್ದರೂ ಕೈ ತಾಗುವಷ್ಟು ಜಾಗ ಮಾತ್ರ ಚಿನ್ನದಂತೆ ಹೊಳೆಯುತ್ತದೆ. ನಮ್ಮ ದೇವಸ್ಥಾನಗಳಲ್ಲಿ ಹೊಸ್ತಿಲಿನ ಹಿತ್ತಾಳೆ ಹೀಗೇ ಮಿನುಗುವುದನ್ನು ಕಂಡವರಿಗೆ ಅದು ಅಪರಿಚಿತವೆನಿಸದು. ಬೆಳಗಿನ ಮೊದಲ ಬೆಳಕಿನಲ್ಲಿ, ಅಕ್ಕಪಕ್ಕ ಯಾರೂ ಇಲ್ಲದಿರುವಾಗ, ಒಂದು ಕೈಯಗಲದ ಆ ಹೊಳಪನ್ನು ತೆಗೆದ ಚಿತ್ರ ಸೇತುವೆಯ ದೊಡ್ಡ ನೋಟಗಳಿಗಿಂತ ನನಗೆ ಹೆಚ್ಚು ಪ್ರಿಯವಾಗಿದೆ.

ಎರಡನೆಯ ಆಯ್ಕೆ ಹಳೆಯ ಪೇಟೆಯ ನದೀದಡ. ಸೇತುವೆಯಿಂದ ಕೆಲವೇ ಹೆಜ್ಜೆ ದಕ್ಷಿಣಕ್ಕೆ, ನೀರಿನೊಳಗೆ ಚಾಚಿದ ನೊವೊತ್ನೇಹೊ ಲಾವ್ಕಾ ಎಂಬ ಕಿರುದಾರಿಯ ತುದಿಯಿಂದ ಸೇತುವೆ, ಕೋಟೆ, ನದಿಯ ಅಡ್ಡಗಟ್ಟೆ ಮೂರೂ ಒಂದೇ ಚೌಕಟ್ಟಿನಲ್ಲಿ ಕೂರುತ್ತವೆ. ಇಲ್ಲಿಗೆ ಸೂರ್ಯ ಹುಟ್ಟಿದ ಅರ್ಧ ಗಂಟೆಯ ನಂತರ ಬಂದರೆ ಸಾಕು, ಏಕೆಂದರೆ ಎಳೆಬಿಸಿಲು ಮೊದಲು ಕೋಟೆಯ ನೆತ್ತಿಗೆ ತಾಗಿ ಆಮೇಲೆ ಕೆಳಗಿಳಿಯುತ್ತದೆ. ಆದ್ದರಿಂದ ಇದು ಸೇತುವೆಗೆ ಪ್ರತಿಸ್ಪರ್ಧಿಯಲ್ಲ, ಅದರ ಮುಂದುವರಿಕೆ. ಒಂದೇ ಬೆಳಿಗ್ಗೆ ಎರಡನ್ನೂ ಮುಗಿಸಬಹುದು: ನಸುಕಿನಲ್ಲಿ ಸೇತುವೆ, ಬಿಸಿಲೇರಿದ ಮೇಲೆ ದಡ. ಒಂದು ಎಚ್ಚರಿಕೆ ಬೇಕು. ಕೋಟೆಯ ದೀಪಾಲಂಕಾರ ನಡುರಾತ್ರಿಯ ನಂತರ ಉರಿಯುವುದಿಲ್ಲ. ದೀಪ ಹೊತ್ತಿದ ಕೋಟೆಯೂ ನೀಲಿ ಆಕಾಶವೂ ಒಟ್ಟಿಗೆ ಬೇಕೆನ್ನುವವರು ಸಂಜೆಯೇ ಬರಬೇಕು.

ಮೂರನೆಯದು ಲೆತ್ನಾ. ನದಿ ತಿರುವು ತೆಗೆದುಕೊಳ್ಳುವಲ್ಲಿ ಉತ್ತರಕ್ಕಿರುವ ಈ ದಿಬ್ಬದ ಉದ್ಯಾನದಲ್ಲಿ, 1891ರ ದೊಡ್ಡ ಪ್ರದರ್ಶನಕ್ಕಾಗಿ ಎರಕದ ಕಬ್ಬಿಣದಲ್ಲಿ ಮಾಡಿದ ಹನಾವ್ಸ್ಕಿ ಪೆವಿಲಿಯನ್ ಇದೆ. ಅದರ ಪಕ್ಕದ ಕಟಾಂಜನದಿಂದ ದಕ್ಷಿಣಕ್ಕೆ ನೋಡಿದರೆ ಪ್ರಾಗ್‌ನ ಸೇತುವೆಗಳು ಒಂದರ ಹಿಂದೊಂದು ಸಾಲಾಗಿ ಕಾಣುತ್ತವೆ. ನೋಟ ನೇರ ದಕ್ಷಿಣಕ್ಕೆ ಇರುವುದರಿಂದ ಬೆಳಿಗ್ಗೆ ಎಡದಿಂದ, ಸಂಜೆ ಬಲದಿಂದ ಬೆಳಕು ಬರುತ್ತದೆ. ಎರಡೂ ಹೊತ್ತು ನಡೆಯುತ್ತದೆ. ಬೇಸಿಗೆಯ ಮಧ್ಯಾಹ್ನ ಮಾತ್ರ ಸೇತುವೆಗಳೆಲ್ಲ ಚಪ್ಪಟೆಯಾಗಿ ಒಂದಕ್ಕೊಂದು ಅಂಟಿಕೊಂಡಂತೆ ಕಾಣುತ್ತವೆ. ನೀರು ಆಕಾಶದ ಬಣ್ಣ ಹಿಡಿದು, ಸೇತುವೆಗಳ ದೀಪ ಹೊತ್ತಿಕೊಳ್ಳುವ ಮುಸ್ಸಂಜೆ ಇದರ ಅತ್ಯುತ್ತಮ ಹೊತ್ತು ಎಂದು ನನ್ನ ಅನಿಸಿಕೆ. ಹಾಗಾಗಿ ಅಮೂಲ್ಯವಾದ ಬೆಳಗನ್ನು ಇದಕ್ಕೆ ಖರ್ಚು ಮಾಡಬೇಕಿಲ್ಲ. ಇಲ್ಲಿ 100 ಮಿಲಿಮೀಟರ್‌ಗಿಂತ ಉದ್ದದ ಲೆನ್ಸ್ ಇದ್ದರೆ ಸೇತುವೆಗಳು ಒತ್ತೊತ್ತಾಗಿ ಬಂದು ಚಿತ್ರಕ್ಕೆ ಬಿಗಿ ಬರುತ್ತದೆ. ಅದೇ ಉದ್ಯಾನದಲ್ಲಿ ತುಸು ಪೂರ್ವಕ್ಕೆ, 1955ರಲ್ಲಿ ನಿಲ್ಲಿಸಿ 1962ರಲ್ಲಿ ಕೆಡವಿದ ಸ್ಟಾಲಿನ್ ಸ್ಮಾರಕದ ಪೀಠದ ಮೇಲೆ ಈಗ ದೊಡ್ಡದೊಂದು ಲೋಲಕ ಆಡುತ್ತಿರುತ್ತದೆ. ಅದನ್ನು ಹಿನ್ನೆಲೆಯ ಆಕಾಶದ ಎದುರು ಕಪ್ಪಾಗಿ ತೆಗೆದರೆ ಚೆನ್ನ.

ವಸತಿಯ ಮಾತನ್ನು ಇಲ್ಲಿಯೇ ಹೇಳಬೇಕು. ಜೂನ್‌ನಲ್ಲಿ ನಸುಕಿನ ಬೆಳಕು 4 ಗಂಟೆಗೇ ಆರಂಭವಾಗುತ್ತದೆ, ಆಗ ಮೆಟ್ರೋ ಇನ್ನೂ ಓಡುತ್ತಿರುವುದಿಲ್ಲ. ರಾತ್ರಿಯ ಟ್ರಾಮ್‌ಗಳು ಇವೆ, ಆದರೆ ಕಾಯಬೇಕು. ದೂರದ ಅಗ್ಗದ ಹೋಟೆಲಿನಲ್ಲಿ ಮೂರು ರಾತ್ರಿ ಉಳಿಯುವುದಕ್ಕಿಂತ ಮಾಲಾ ಸ್ತ್ರಾನಾ ಅಥವಾ ಹಳೆಯ ಪೇಟೆಯ ಅಂಚಿನ ಸಣ್ಣ ಕೊಠಡಿಯಲ್ಲಿ ಎರಡು ರಾತ್ರಿ ಉಳಿಯುವುದು ಛಾಯಾಗ್ರಾಹಕರಿಗೆ ಲಾಭ. ನಡೆದು ಹತ್ತು ನಿಮಿಷದಲ್ಲಿ ಸೇತುವೆ ತಲುಪುವಂತಿದ್ದರೆ, ಕಿಟಕಿಯಿಂದ ಆಕಾಶ ನೋಡಿ, ಮೋಡ ದಟ್ಟವಾಗಿದ್ದರೆ ಮತ್ತೆ ಮಲಗುವ ಅವಕಾಶವೂ ಇರುತ್ತದೆ.

ಗೋಪುರ ಹತ್ತುವುದಾದರೆ ಯಾವುದನ್ನು

ಗೋಪುರಗಳಿಗೆಲ್ಲ ಸಮಾನವಾದ ಒಂದು ತೊಂದರೆಯಿದೆ: ಯಾವ ಗೋಪುರವನ್ನು ಹತ್ತುತ್ತೇವೆಯೋ ಆ ಗೋಪುರ ಚಿತ್ರದಲ್ಲಿ ಇರುವುದಿಲ್ಲ. ಊರಿನ ಆಕಾಶರೇಖೆಗೆ ಸೊಬಗು ಕೊಡುವ ಕಟ್ಟಡವನ್ನೇ ಕಾಲಡಿಗೆ ಹಾಕಿಕೊಂಡರೆ ಉಳಿದದ್ದು ಬಡವಾಗುತ್ತದೆ. ಸಂತ ವೀಟಸ್ ಕೆಥೆಡ್ರಲ್‌ನ ದಕ್ಷಿಣ ಗೋಪುರಕ್ಕೆ 287 ಮೆಟ್ಟಿಲು ಹತ್ತಿದವರಿಗೆ ಆಗುವ ನಿರಾಸೆ ಇದೇ. 1344ರಲ್ಲಿ ಆರಂಭವಾಗಿ 1929ರಲ್ಲಿ ಪೂರ್ಣಗೊಂಡ ಆ ಮಹಾಮಂದಿರವನ್ನು ದೂರದಿಂದ ನೋಡುವುದೇ ಸೊಗಸು.

ನನ್ನ ಮೊದಲ ಆಯ್ಕೆ ಹಳೆಯ ಪೇಟೆಯ ಸೇತುವೆ ಗೋಪುರ. 138 ಮೆಟ್ಟಿಲು, ಮೇಲೆ ತೆರೆದ ಮೊಗಸಾಲೆ. ಕೆಳಗೆ ಸೇತುವೆ ಬಾಗುತ್ತ ಹೋಗಿ ಮಾಲಾ ಸ್ತ್ರಾನಾವನ್ನು ಮುಟ್ಟುವುದು, ಅದರ ಮೇಲೆ ಕೋಟೆ, ಎಲ್ಲವೂ ಒಂದೇ ರೇಖೆಯಲ್ಲಿ ಸಿಗುತ್ತವೆ. ಕೆಳಗೆ ನಿಂತಾಗ ಅಡ್ಡಿಯೆನಿಸುವ ಜನಸಂದಣಿ ಇಲ್ಲಿಂದ ಚಿತ್ರದ ಜೀವವಾಗುತ್ತದೆ. ಬೆಳಿಗ್ಗೆ ಬಾಗಿಲು ತೆರೆದ ಕೂಡಲೇ ಹೋದರೆ ಬಿಸಿಲು ಬೆನ್ನಿಗಿರುತ್ತದೆ. ಸೇತುವೆಯ ಇನ್ನೊಂದು ತುದಿಯ ಮಾಲಾ ಸ್ತ್ರಾನಾ ಗೋಪುರಕ್ಕೆ ಇದೇ ಮಾತು ಸಂಜೆಗೆ ಅನ್ವಯಿಸುತ್ತದೆ: ಅಲ್ಲಿಂದ ಪೂರ್ವಕ್ಕೆ ಹಳೆಯ ಪೇಟೆಯ ಗೋಪುರಗಳ ಮೇಲೆ ಇಳಿಬಿಸಿಲು ನೇರವಾಗಿ ಬೀಳುತ್ತದೆ, ಜನರೂ ಕಡಿಮೆ.

ಹಳೆಯ ಪೇಟೆಯ ಪುರಭವನದ ಗೋಪುರದಲ್ಲಿ ಲಿಫ್ಟ್ ಇರುವುದು ಹಿರಿಯರನ್ನು ಜೊತೆಗೆ ಕರೆದೊಯ್ಯುವವರಿಗೆ ದೊಡ್ಡ ಅನುಕೂಲ. 1410ರ ಖಗೋಳ ಗಡಿಯಾರ ಇದರ ಗೋಡೆಯಲ್ಲೇ ಇದೆ. ಮೇಲಿನಿಂದ ಟೀನ್ ಚರ್ಚಿನ ಜೋಡಿ ಗೋಪುರಗಳು ಎದುರಿಗೇ ಬರುತ್ತವೆ, ಮಧ್ಯಾಹ್ನದ ನಂತರ ಅವುಗಳ ಮೇಲೆ ಬಿಸಿಲು ಚೆನ್ನಾಗಿರುತ್ತದೆ. ಆದರೆ ಮೊಗಸಾಲೆ ಬಹಳ ಕಿರಿದು. ಹಿಂದಿನವರ ಮೊಣಕೈ ತಾಗುತ್ತಲೇ ಇರುತ್ತದೆ. ಗಡಿಯಾರದಲ್ಲಿ ಗಂಟೆಗೊಮ್ಮೆ ಅಪೊಸ್ತಲರ ಬೊಂಬೆಗಳು ಹಾದುಹೋಗುವಾಗ ಜನರೆಲ್ಲ ಕೆಳಗೆ ನೆರೆಯುತ್ತಾರೆ, ಆ ಹೊತ್ತಿಗೆ ಸರಿಯಾಗಿ ಮೇಲಿದ್ದರೆ ತಲೆ ಎತ್ತಿ ನಿಂತ ನೂರಾರು ಮುಖಗಳನ್ನು ತೆಗೆಯಬಹುದು. ಗಡಿಯಾರಕ್ಕಿಂತ ಗಡಿಯಾರ ನೋಡುವವರೇ ಒಳ್ಳೆಯ ವಸ್ತು.

68 ಮೀಟರ್ ಎತ್ತರದ ಕ್ಲೆಮೆಂಟಿನಮ್ ಖಗೋಳ ಗೋಪುರಕ್ಕೆ ಮಾರ್ಗದರ್ಶಿಯ ಜೊತೆ ಗುಂಪಿನಲ್ಲಿ ಹೋಗಬೇಕು. 1775ರಿಂದ ಪ್ರತಿದಿನ ಹವೆಯ ದಾಖಲೆ ಇಟ್ಟಿರುವ ಜಾಗವದು. ಇತಿಹಾಸಕ್ಕಾಗಿ ಹೋಗಬಹುದು, ಆದರೆ ಬೆಳಕಿಗಾಗಿ ಕಾಯುತ್ತ ನಿಲ್ಲಲು ಗುಂಪಿನ ಪ್ರವಾಸದಲ್ಲಿ ಬಿಡುವಿರುವುದಿಲ್ಲ. 216 ಮೀಟರ್‌ನ ಝಿಝ್ಕೊವ್ ಟಿವಿ ಗೋಪುರದ ವೀಕ್ಷಣಾ ಕೊಠಡಿ ಗಾಜಿನೊಳಗಿದೆ, ನಗರದ ನಡುಭಾಗದಿಂದ ದೂರ ಬೇರೆ. ಅದನ್ನು ಬಿಡಬಹುದು.

ಪೆತ್ರ್ಶೀನ್ ಗೋಪುರ 1891ರಲ್ಲಿ ಐಫೆಲ್ ಗೋಪುರದ ಪ್ರೇರಣೆಯಿಂದ ಕಟ್ಟಿದ್ದು. ಎತ್ತರ ಸುಮಾರು 60 ಮೀಟರ್, ಮೆಟ್ಟಿಲು 299. ಗುಡ್ಡದ ಮೇಲಿರುವುದರಿಂದ ನೋಟ ಬಹಳ ದೂರ ಹೋಗುತ್ತದೆ. ಇಲ್ಲಿಂದ ಕೋಟೆಯೂ ಕಾಣುತ್ತದೆ, ಸಂಜೆಯ ಬಿಸಿಲು ಬೆನ್ನ ಕಡೆಯಿಂದ ಬರುತ್ತದೆ. ಗುಡ್ಡದ ಕೇಬಲ್ ರೈಲನ್ನು 2024ರಲ್ಲಿ ನವೀಕರಣಕ್ಕಾಗಿ ನಿಲ್ಲಿಸಿದ್ದರು. ಅದು ಓಡುತ್ತಿರಲಿ ಬಿಡಲಿ, 22ನೆಯ ಸಂಖ್ಯೆಯ ಟ್ರಾಮ್‌ನಲ್ಲಿ ಪೊಹೊರ್ಝೆಲೆತ್ಸ್ ನಿಲ್ದಾಣಕ್ಕೆ ಹೋಗಿ, ಸ್ತ್ರಾಹೊವ್ ಮಠದ ಪಕ್ಕದಿಂದ ನಡೆದುಬಂದರೆ ಗುಡ್ಡ ಹತ್ತುವ ಶ್ರಮವೇ ತಪ್ಪುತ್ತದೆ.

ಗೋಪುರಗಳ ವಿಷಯದಲ್ಲಿ ಋತುವೇ ನಿರ್ಣಾಯಕ. ಬೇಸಿಗೆಯಲ್ಲಿ ಸೂರ್ಯ ಮುಳುಗುವ ಹೊತ್ತಿಗೆ ಅನೇಕ ಕಡೆ ಬಾಗಿಲು ಹಾಕುವ ಸಮಯ ಬಂದಿರುತ್ತದೆ. ಚಳಿಗಾಲದಲ್ಲಿ 4 ಗಂಟೆಗೇ ಮುಸ್ಸಂಜೆಯಾಗುವುದರಿಂದ ಗೋಪುರದ ಮೇಲೆ ನಿಂತೇ ನೀಲಿ ಆಕಾಶ, ಹೊತ್ತಿದ ದೀಪ, ಹೆಂಚಿನ ಮೇಲೆ ಬಿದ್ದಿದ್ದರೆ ಹಿಮ, ಎಲ್ಲವನ್ನೂ ತೆಗೆಯಬಹುದು. ಹಾಗಾಗಿ ಡಿಸೆಂಬರ್, ಜನವರಿಗಳಲ್ಲಿ ಹೋಗುವವರು ಗೋಪುರವನ್ನು ಸಂಜೆಗೆ ಇಟ್ಟುಕೊಳ್ಳಲಿ; ಜೂನ್, ಜುಲೈಗಳಲ್ಲಿ ಹೋಗುವವರು ಬೆಳಿಗ್ಗೆ ಹತ್ತಿ, ಸಂಜೆಯನ್ನು ಬಾಗಿಲಿಲ್ಲದ ಗುಡ್ಡಗಳಿಗೆ ಕೊಡಲಿ.

ಸಂಜೆಯ ಮೂರು ಗುಡ್ಡಗಳು

ರೀಗ್ರೊವಿ ಸಾದಿ ಎಂಬುದು ಮುಖ್ಯ ರೈಲು ನಿಲ್ದಾಣದ ಹಿಂದಿನ ವಿನೊಹ್ರಾದಿ ಬಡಾವಣೆಯ ಉದ್ಯಾನ. ಪಶ್ಚಿಮಕ್ಕೆ ಇಳಿಜಾರಾಗಿರುವ ಹುಲ್ಲುಹಾಸಿನಲ್ಲಿ ಊರಿನ ಯುವಕ ಯುವತಿಯರು ಸಾಲಾಗಿ ಕುಳಿತು ಸೂರ್ಯಾಸ್ತ ನೋಡುತ್ತಾರೆ, ಸುಮಾರು 3 ಕಿಲೋಮೀಟರ್ ದೂರದಲ್ಲಿ ಕೋಟೆಯ ರೇಖೆ. ನನ್ನ ಲೆಕ್ಕದಲ್ಲಿ ಏಪ್ರಿಲ್ ಕೊನೆಯ ವಾರದಲ್ಲಿ, ಮತ್ತೆ ಆಗಸ್ಟ್ ಮಧ್ಯಭಾಗದ ಆಸುಪಾಸಿನಲ್ಲಿ ಸೂರ್ಯ ಇಲ್ಲಿಂದ ಕೋಟೆಯ ಬೆನ್ನಿಗೇ ಇಳಿಯುತ್ತಾನೆ. ಆ ದಿನಗಳಲ್ಲಿ 200 ಮಿಲಿಮೀಟರ್ ಅಥವಾ ಅದಕ್ಕೂ ಉದ್ದದ ಲೆನ್ಸ್ ಇದ್ದವರು ಬೇರೆಲ್ಲಿಗೂ ಹೋಗಬಾರದು. ಬರಿಯ ಮೊಬೈಲ್ ಇರುವವರು ಕೋಟೆಯ ಆಸೆ ಬಿಟ್ಟು, ಹುಲ್ಲಿನ ಮೇಲೆ ಕುಳಿತವರ ಬೆನ್ನುಗಳನ್ನು ಮುಂದಿಟ್ಟುಕೊಂಡು ಆಕಾಶವನ್ನು ತೆಗೆಯಲಿ, ಅದೂ ಸುಂದರವೇ. ಇದೇ ಬಗೆಯ ಇನ್ನೊಂದು ಸಂಗತಿಯನ್ನು ಪ್ರಾಗ್‌ನವರು ಹೇಳುತ್ತಾರೆ: ಜೂನ್‌ನ ಅತಿ ಉದ್ದದ ಹಗಲಿನಂದು ಹಳೆಯ ಪೇಟೆಯ ಸೇತುವೆ ಗೋಪುರದ ಬಳಿಯಿಂದ ನೋಡಿದರೆ ಸೂರ್ಯ ಕೆಥೆಡ್ರಲ್‌ನ ಮೇಲೆಯೇ ಮುಳುಗುತ್ತಾನೆ.

ಸ್ತ್ರಾಹೊವ್ ಮಠದ ಕೆಳಗಿನ ಜಗಲಿ ಇದಕ್ಕೆ ತದ್ವಿರುದ್ಧ. 1143ರಲ್ಲಿ ಸ್ಥಾಪನೆಯಾದ ಮಠವಿದು. ಇಲ್ಲಿ ಸೂರ್ಯ ನಮ್ಮ ಬೆನ್ನಿಗೆ; ಎದುರಿಗೆ ಇಳಿಜಾರಿನ ತೋಟಗಳು, ಮಾಲಾ ಸ್ತ್ರಾನಾದ ಹೆಂಚುಗಳು, ಸಂತ ನಿಕೊಲಸ್ ಚರ್ಚಿನ ಹಸಿರು ಗುಮ್ಮಟ, ಎಡಕ್ಕೆ ಕೋಟೆ, ದೂರದಲ್ಲಿ ಹಳೆಯ ಪೇಟೆ. ಮೊಬೈಲ್‌ಗೂ ದೊಡ್ಡ ಕ್ಯಾಮೆರಾಕ್ಕೂ ಸಮಾನವಾಗಿ ಒಲಿಯುವ ನೋಟ. ಸೂರ್ಯಾಸ್ತಕ್ಕೆ ಒಂದು ಗಂಟೆ ಮೊದಲು ಬಂದು ದೀಪ ಹೊತ್ತುವವರೆಗೆ ಇದ್ದರೆ ಒಂದೇ ಕಲ್ಲುಬೆಂಚಿನಿಂದ ಮೂರು ಬಗೆಯ ನಗರವನ್ನು ಕಾಣಬಹುದು. ಮೊದಲ ಸಲ ಪ್ರಾಗ್‌ಗೆ ಹೋಗುವವರಿಗೆ, ಒಂದೇ ಸಂಜೆ ಇರುವವರಿಗೆ, ನಾನು ಸೂಚಿಸುವುದು ಇದನ್ನೇ.

ವಿಶೆಹ್ರಾದ್ ದಕ್ಷಿಣದ ಬಂಡೆಯ ಮೇಲಿನ ಹಳೆಯ ಕೋಟೆ. ಮೆಟ್ರೋದಲ್ಲಿ ಇಳಿದು ಸಮತಟ್ಟಿನಲ್ಲಿ ನಡೆದರಾಯಿತು. ಪ್ರವಾಸಿಗರ ಗದ್ದಲ ಇಲ್ಲಿಗೆ ಅಷ್ಟಾಗಿ ತಲುಪುವುದಿಲ್ಲ. ಕೆಥೆಡ್ರಲ್ ಇರುವ ಪ್ರಾಗ್ ಕೋಟೆ ಇಲ್ಲಿಂದ ಉತ್ತರ-ವಾಯವ್ಯಕ್ಕೆ ಕಾಣುವುದರಿಂದ ವರ್ಷದ ಯಾವ ದಿನವೂ ಸೂರ್ಯ ಅದರ ಹಿಂದೆ ಬರುವುದಿಲ್ಲ, ಬದಿಯ ಬೆಳಕೇ ಯಾವಾಗಲೂ. ನದಿ, ದೋಣಿಗಳು, ಕೆಳಗಿನ ಕಬ್ಬಿಣದ ರೈಲು ಸೇತುವೆ, ಎಲ್ಲ ಶಾಂತವಾಗಿ ಸೇರಿಕೊಳ್ಳುತ್ತವೆ. ಸಂತ ಪೀಟರ್ ಮತ್ತು ಪೌಲ್ ಚರ್ಚಿನ ಪಕ್ಕದ ಸ್ಮಶಾನದಲ್ಲಿ ಸಂಗೀತಗಾರರಾದ ದ್ವೋರ್ಝಾಕ್, ಸ್ಮೆತಾನಾ, ಚಿತ್ರಕಾರ ಮೂಖಾ ಮುಂತಾದವರ ಸಮಾಧಿಗಳಿವೆ. ಅಲ್ಲಿ ಕ್ಯಾಮೆರಾ ತೆಗೆಯುವಾಗ ದನಿಯನ್ನೂ ಹೆಜ್ಜೆಯನ್ನೂ ತಗ್ಗಿಸಬೇಕು. ಹೂವಿಡಲು ಬಂದವರನ್ನು ತೆಗೆಯಬಾರದು. ಎರಡನೆಯ ಸಲ ಹೋಗುವವರಿಗೆ, ಜನರಿಂದ ದಣಿದವರಿಗೆ ವಿಶೆಹ್ರಾದ್ ಸರಿಯಾದ ಸಂಜೆ.

ಗುಡ್ಡ ಹತ್ತಲಾಗದವರು ರಾಷ್ಟ್ರೀಯ ರಂಗಮಂದಿರದ ಎದುರಿನ ಲೆಗಿಯೀ ಸೇತುವೆಯ ಮೇಲೆ ನಿಲ್ಲಬಹುದು. ಉತ್ತರಕ್ಕೆ ಚಾರ್ಲ್ಸ್ ಸೇತುವೆಯೂ ಕೋಟೆಯೂ ದೀಪ ಹೊತ್ತಿಸಿಕೊಂಡು ನೀರಿನಲ್ಲಿ ಕಾಣುತ್ತವೆ. ಟ್ರಾಮ್ ಹಾದಾಗ ಸೇತುವೆ ನಡುಗುವುದರಿಂದ, ಟ್ರೈಪಾಡ್ ಇಟ್ಟವರು ಎರಡು ಟ್ರಾಮ್‌ಗಳ ನಡುವಿನ ಬಿಡುವಿಗೆ ಕಾಯಬೇಕು. ಇಲ್ಲವಾದರೆ ಸೇತುವೆಯಿಂದ ಕೆಳಗಿಳಿದು ಸ್ತ್ರೆಲೆತ್ಸ್ಕಿ ದ್ವೀಪಕ್ಕೆ ಹೋದರೆ ನೆಲ ಅಲುಗುವುದಿಲ್ಲ.

ಪಟ್ಟಿಯಲ್ಲಿ ಇಲ್ಲದ ಜಾಗ ಹುಡುಕುವ ಬಗೆ

ಹೆಸರಾದ ಕೆಲವು ಜಾಗಗಳಿಗೆ ನಾನು ಹೊತ್ತು ಕೊಡುವುದಿಲ್ಲ. 1996ರ ನರ್ತಿಸುವ ಮನೆ ರಸ್ತೆಯ ಕೂಡುತಾಣದಲ್ಲಿ ತಂತಿಗಳ ನಡುವೆ ಸಿಕ್ಕಿಕೊಂಡಿದೆ; ಟ್ರಾಮ್‌ನಲ್ಲಿ ಹಾದುಹೋಗುವಾಗ ನೋಡಿದರೆ ಸಾಕು. ಗಾಯಕ ಜಾನ್ ಲೆನನ್ ಹೆಸರಿನ, ಚಿತ್ರ-ಬರಹಗಳ ಗೋಡೆಯ ಮುಂದೆ ತಾವೇ ನಿಂತು ಫೋಟೊ ತೆಗೆಸಿಕೊಳ್ಳುವವರ ಸಾಲು ಮುಗಿಯುವುದಿಲ್ಲ. ಅದರ ಹತ್ತಿರವೇ ಇರುವ ಕಾಂಪಾ ದ್ವೀಪದ ಚೆರ್ತೊವ್ಕಾ ಕಾಲುವೆ ಮತ್ತು ಅದರ ಮರದ ಗಿರಣಿಚಕ್ರ ಮಾತ್ರ ಬೆಳಗಿನ ಹೊತ್ತು ಬಹಳ ಚೆನ್ನಾಗಿರುತ್ತದೆ.

ಹೊಸ ಜಾಗ ಹುಡುಕಲು ನಾನು ನಂಬುವ ದಾರಿ 22ನೆಯ ಟ್ರಾಮ್. ಬಂದ ದಿನ, ಮಧ್ಯಾಹ್ನದ ಬೆಳಕು ಚಿತ್ರಕ್ಕೆ ಬಾರದ ಹೊತ್ತಿನಲ್ಲಿ, ಕ್ಯಾಮೆರಾವನ್ನು ಚೀಲದಲ್ಲಿಟ್ಟು ಕಿಟಕಿಯ ಪಕ್ಕ ಕುಳಿತು ಒಂದು ಸುತ್ತು ಹೋಗಿ ಬರುವುದು. ರಂಗಮಂದಿರ, ನದಿ, ಮಾಲಾ ಸ್ತ್ರಾನಾದ ಇಕ್ಕಟ್ಟಿನ ಬೀದಿ, ಕೋಟೆಯ ಹಿಂಬದಿಯ ತಿರುವುಗಳು, ಎಲ್ಲವನ್ನೂ ಅದು ದಾಟುತ್ತದೆ. ಕಂಡ ಮೂಲೆಗಳನ್ನು ಫೋನಿನ ನಕ್ಷೆಯಲ್ಲಿ ಗುರುತು ಹಾಕಿ, ಸೂರ್ಯನ ದಿಕ್ಕು ತೋರಿಸುವ ಆ್ಯಪ್‌ನಲ್ಲಿ ಅಲ್ಲಿಗೆ ಬಿಸಿಲು ಯಾವಾಗ ಬರುತ್ತದೆಂದು ನೋಡಿಕೊಂಡರೆ ಮರುದಿನದ ಕೆಲಸ ಸಿದ್ಧ. ಕೋಟೆಯ ಹಿಂದಿನ ನೊವಿ ಸ್ವೇತ್ ಓಣಿ ನನಗೆ ಸಿಕ್ಕಿದ್ದು ಹೀಗೆ. ತಗ್ಗು ಮನೆಗಳು, ಬಾಗಿದ ಗೋಡೆ, ಉರುಟು ಕಲ್ಲಿನ ನೆಲ; ಅರ್ಧ ಗಂಟೆಯಲ್ಲಿ ದಾಟಿದವರು ಮೂರೋ ನಾಲ್ಕೋ ಜನ.

ಮೋಡದ ದಿನಕ್ಕೆ

ಮೋಡ ಕವಿದರೆ ಗುಡ್ಡಗಳನ್ನು ಬಿಡಬೇಕು. ಬಿಳಿಯ ಆಕಾಶ ಅರ್ಧ ಚೌಕಟ್ಟನ್ನು ತಿಂದುಹಾಕುತ್ತದೆ. ಅಂಥ ದಿನ ಓಣಿ, ಅಂಗಳ, ಕಮಾನುಗಳ ಒಳಗೆ ಮೃದುವಾದ ಬೆಳಕು ಹರಡಿರುತ್ತದೆ. ಗೋಡೆಯ ಸುಣ್ಣ, ಬಾಗಿಲಿನ ಬಣ್ಣ, ಮುದುಕರ ಮುಖ ಇವೆಲ್ಲ ಬಿಸಿಲಿಗಿಂತ ಮೋಡದಲ್ಲಿಯೇ ಚೆನ್ನಾಗಿ ಬರುತ್ತವೆ. ಮಳೆಯಿದ್ದರೆ ಕಿಟಕಿ. ಈ ಊರಿನ ಮಹಾನ್ ಛಾಯಾಗ್ರಾಹಕ ಯೋಸೆಫ್ ಸುದೆಕ್ (1896–1976) ಮೊದಲ ಮಹಾಯುದ್ಧದಲ್ಲಿ ಬಲಗೈ ಕಳೆದುಕೊಂಡು, ಒಂದೇ ಕೈಯಲ್ಲಿ ಭಾರದ ಕ್ಯಾಮೆರಾ ಹೊತ್ತು ಪ್ರಾಗ್‌ನ ಗುಡ್ಡಗಳನ್ನೂ ಉದ್ಯಾನಗಳನ್ನೂ ಸುತ್ತಿದವರು. 1940ರ ದಶಕದಲ್ಲಿ ಅವರು ಮಾಲಾ ಸ್ತ್ರಾನಾದ ಊಯೆಜ್ದ್ ಬೀದಿಯ ತಮ್ಮ ಸ್ಟುಡಿಯೋದ ಕಿಟಕಿಯನ್ನೇ ವರ್ಷಗಟ್ಟಲೆ ತೆಗೆದರು: ಹಬೆ ಹಿಡಿದ ಗಾಜು, ಇಳಿಯುವ ಹನಿ, ಆಚೆ ಮಸುಕಾದ ಒಂದು ಮರ. ಆ ಸ್ಟುಡಿಯೋವನ್ನು ಹಿಂದಿನಂತೆಯೇ ಮತ್ತೆ ಕಟ್ಟಿ ಉಳಿಸಿದ್ದಾರೆ. ಮಳೆಯ ಮಧ್ಯಾಹ್ನ ಅಲ್ಲಿಗೆ ಹೋಗಿ ಬಂದವರು ತಮ್ಮ ಹೋಟೆಲಿನ ಕಿಟಕಿಯನ್ನೂ ಬೇರೆ ಕಣ್ಣಿನಿಂದ ನೋಡುತ್ತಾರೆ.

ಸಾಮಾನಿನ ಬಗ್ಗೆ ಹೆಚ್ಚು ಹೇಳಬೇಕಾದದ್ದಿಲ್ಲ. ಹಗುರವಾದ ಟ್ರೈಪಾಡ್ ನಸುಕಿಗೂ ಮುಸ್ಸಂಜೆಗೂ ಬೇಕು, ಗೋಪುರಗಳ ಕಿರಿದಾದ ಮೊಗಸಾಲೆಯಲ್ಲಿ ಅದನ್ನು ಬಿಚ್ಚಬಾರದು. ಚರ್ಚುಗಳೊಳಗೆ ಫ್ಲ್ಯಾಶ್ ಬೇಡ. ನಗರದ ನಡುಭಾಗದಲ್ಲಿ ಡ್ರೋನ್ ಹಾರಿಸಲು ನಿರ್ಬಂಧವಿದೆ, ಅದನ್ನು ಮನೆಯಲ್ಲೇ ಬಿಟ್ಟು ಬರುವುದು ಮೇಲು. ಚಳಿಗಾಲದಲ್ಲಿ ಬ್ಯಾಟರಿ ಬೇಗ ಬಸವಳಿಯುತ್ತದೆ. ಎರಡನೆಯದನ್ನು ಅಂಗಿಯ ಒಳಜೇಬಿನಲ್ಲಿ, ಮೈಯ ಬಿಸಿ ತಾಗುವಂತೆ ಇಟ್ಟುಕೊಳ್ಳಬೇಕು.

ಇನ್ನು ಹೊತ್ತುಗಳ ಹಂಚಿಕೆ. ಒಂದೇ ರಾತ್ರಿ ಉಳಿಯುವವರು ಸಂಜೆಯನ್ನು ಸ್ತ್ರಾಹೊವ್‌ಗೆ, ಬೆಳಗನ್ನು ಚಾರ್ಲ್ಸ್ ಸೇತುವೆಗೆ ಕೊಡಲಿ. ಎರಡು ರಾತ್ರಿಯಿದ್ದರೆ ಎರಡನೆಯ ಸಂಜೆ ಲೆತ್ನಾ, ಎರಡನೆಯ ಬೆಳಿಗ್ಗೆ ಕಾಂಪಾ ಮತ್ತು ಅದರ ನಂತರ ಸೇತುವೆ ಗೋಪುರ. ಮೂರು ರಾತ್ರಿಯಿದ್ದವರು ಮೂರನೆಯ ಸಂಜೆ ವಿಶೆಹ್ರಾದ್‌ಗೋ ರೀಗ್ರೊವಿ ಸಾದಿಗೋ ಹೋಗಲಿ, ಆದರೆ ಮೂರನೆಯ ಬೆಳಿಗ್ಗೆ ಹೊಸ ಜಾಗ ಹುಡುಕದೆ ಮತ್ತೆ ಚಾರ್ಲ್ಸ್ ಸೇತುವೆಗೇ ಬರಲಿ. ಅಕ್ಟೋಬರ್‌ನ ನನ್ನ ಮೊದಲ ಬೆಳಿಗ್ಗೆ ಆಕಾಶ ಶುಭ್ರವಾಗಿತ್ತು, ಗೋಪುರದ ಹಿಂದೆ ಸೂರ್ಯ ಎದ್ದ, ಅಂದುಕೊಂಡ ಚಿತ್ರವೇ ಸಿಕ್ಕಿತು. ಮೂರನೆಯ ಬೆಳಿಗ್ಗೆ ನದಿಯಿಂದ ಮಂಜು ಎದ್ದು ಸೇತುವೆಯ ಅರ್ಧವನ್ನು ಅಳಿಸಿತ್ತು. ದೀಪವೊಂದು, ಅದರ ಪಕ್ಕದ ಸಂತರೊಬ್ಬರ ಎತ್ತಿದ ಕೈ, ಎದುರಿನಿಂದ ಸೈಕಲ್ ತಳ್ಳಿಕೊಂಡು ಬರುತ್ತಿದ್ದ ಒಬ್ಬ ಕೆಲಸಗಾರ, ಇಷ್ಟೇ ಕಾಣುತ್ತಿದ್ದುದು. ನನ್ನ ಮನೆಯ ಗೋಡೆಯ ಮೇಲೆ ಈಗ ಇರುವುದು ಆ ಮೂರನೆಯ ಬೆಳಗಿನ ಚಿತ್ರ.